ಎರಡು ಸಿಮ್ಯುಲೇಶನ್‌ಗಳನ್ನು ತಾಳೆ ನೋಡುವುದು: ಯಾವ ಪ್ರಶ್ನೆಗೆ ಯಾವ ವಿಧಾನ

ನೀರು ಅಥವಾ ಗಾಳಿಯ ಹರಿವಿನ ಒಂದೇ ಸಮಸ್ಯೆಯನ್ನು ಗಣಕದಲ್ಲಿ ಎರಡು ಸಲ ಲೆಕ್ಕ ಹಾಕಿದ್ದೇವೆ ಎಂದಿಟ್ಟುಕೊಳ್ಳೋಣ. ಎರಡನೆಯ ಸಲ ಮೆಶ್ (ಜಾಗವನ್ನು ಚಿಕ್ಕ ಚಿಕ್ಕ ಕೋಶಗಳಾಗಿ ಒಡೆದ ಬಲೆ) ಇನ್ನಷ್ಟು ಸೂಕ್ಷ್ಮವಾಗಿರಬಹುದು, ಪ್ರಕ್ಷುಬ್ಧ ಹರಿವಿನ ಮಾದರಿ ಬದಲಾಗಿರಬಹುದು, ಅಥವಾ ಸಮೀಕರಣಗಳನ್ನು ಬಿಡಿಸುವ ತಂತ್ರಾಂಶವಾದ ಸಾಲ್ವರೇ ಬೇರೆಯದಿರಬಹುದು. ಎರಡೂ ಫಲಿತಾಂಶಗಳನ್ನು ಚಿತ್ರವಾಗಿ ತೋರಿಸುವ ತಂತ್ರಾಂಶಗಳಾದ ಪ್ಯಾರಾವ್ಯೂ ಅಥವಾ ವಿಸಿಟ್‌ನಲ್ಲಿ ತೆರೆದ ಕೂಡಲೇ ಹೆಚ್ಚಿನವರ ಕೈ ಹೋಗುವುದು ಒಂದರಿಂದ ಇನ್ನೊಂದನ್ನು ಕಳೆದು, ಉಳಿದದ್ದಕ್ಕೆ ಬಣ್ಣ ಹಚ್ಚುವ ಕಡೆಗೆ. ನನ್ನ ಅಭಿಪ್ರಾಯದಲ್ಲಿ ಅದು ಕೊನೆಯಲ್ಲಿ ಮಾಡಬೇಕಾದ ಕೆಲಸ. ಕಳೆಯುವ ಹೊತ್ತಿಗೆ ನಾವು ಬಾಯಿಬಿಟ್ಟು ಹೇಳದೆಯೇ ಮೂರು ಸಂಗತಿಗಳನ್ನು ಒಪ್ಪಿಕೊಂಡಿರುತ್ತೇವೆ: ಇಲ್ಲಿನ ಈ ಬಿಂದುವಿಗೆ ಅಲ್ಲಿನ ಆ ಬಿಂದುವೇ ಜೋಡಿ, ಇಲ್ಲಿನ ಈ ಕ್ಷಣಕ್ಕೆ ಅಲ್ಲಿನ ಆ ಕ್ಷಣವೇ ಜೋಡಿ, ಎರಡೂ ಅಂಕಿಗಳ ಅಳತೆ ಒಂದೇ. ಇವುಗಳಲ್ಲಿ ಒಂದು ತಪ್ಪಿದ್ದರೂ ಪರದೆಯ ಮೇಲೆ ಕಾಣುವುದು ಜೋಡಣೆಯ ತಪ್ಪೇ ಹೊರತು ಹರಿವಿನ ವ್ಯತ್ಯಾಸವಲ್ಲ.

ದೃಶ್ಯ ಹೋಲಿಕೆಯ ವಿಧಾನಗಳನ್ನು ಮೈಕಲ್ ಗ್ಲೈಶರ್ ಮತ್ತು ಸಂಗಡಿಗರು 2011ರಲ್ಲಿ ಮೂರು ಬಗೆಯಾಗಿ ವಿಂಗಡಿಸಿದರು: ಅಕ್ಕಪಕ್ಕ ಇಡುವುದು, ಒಂದರ ಮೇಲೊಂದು ಹಾಕುವುದು, ಸಂಬಂಧವನ್ನೇ ಲೆಕ್ಕ ಹಾಕಿ ತೋರಿಸುವುದು. ವೈಜ್ಞಾನಿಕ ದತ್ತಾಂಶಕ್ಕೂ ಈ ವಿಂಗಡಣೆ ಚೆನ್ನಾಗಿಯೇ ಹೊಂದುತ್ತದೆ. ಅದಕ್ಕೆ ನಾನು ನಾಲ್ಕನೆಯದೊಂದನ್ನು ಸೇರಿಸುತ್ತೇನೆ: ಕ್ಷೇತ್ರವನ್ನು (ಪ್ರತಿ ಬಿಂದುವಿಗೂ ಒಂದು ಮೌಲ್ಯವಿರುವ ಇಡೀ ಹರವನ್ನು) ಗೆರೆಯೊಂದಕ್ಕೆ ಅಥವಾ ಒಂದೇ ಅಂಕಿಗೆ ಇಳಿಸಿ ನೋಡುವುದು. ಇವುಗಳಲ್ಲಿ ಯಾವುದನ್ನು ಆರಿಸಬೇಕು ಎಂಬುದನ್ನು ತೀರ್ಮಾನಿಸಬೇಕಾದದ್ದು ತಂತ್ರಾಂಶದ ಮೆನು ಅಲ್ಲ. ಎರಡು ಲೆಕ್ಕಗಳ ನಡುವೆ ಏನೇನು ಒಂದೇ ಆಗಿದೆ ಮತ್ತು ನಾವು ಕೇಳುತ್ತಿರುವ ಪ್ರಶ್ನೆ ಯಾವುದು ಎಂಬ ಎರಡು ವಿಷಯಗಳು.

ಅಂಕಿಗಳ ಅಳತೆ ಒಂದೇ ಇದೆಯೇ

ಯಾವ ವಿಧಾನ ಹಿಡಿದರೂ ಈ ತಪಾಸಣೆಯನ್ನು ಬಿಡುವಂತಿಲ್ಲ. ಹರಿವಿನ ಲೆಕ್ಕ ಹಾಕುವ ಓಪನ್‌ಫೋಮ್ ತಂತ್ರಾಂಶದ ಅಸಂಕೋಚ್ಯ (ಸಾಂದ್ರತೆ ಬದಲಾಗದ) ಹರಿವಿನ ಸಾಲ್ವರ್‌ಗಳು ಒತ್ತಡವನ್ನು ಸಾಂದ್ರತೆಯಿಂದ ಭಾಗಿಸಿ ಬರೆಯುತ್ತವೆ. ಅದರ ಮಾನ ಪಾಸ್ಕಲ್ ಅಲ್ಲ, ಸೆಕೆಂಡಿನ ವರ್ಗಕ್ಕೆ ಇಷ್ಟು ಚದರ ಮೀಟರ್. ಪಾಸ್ಕಲ್‌ನಲ್ಲಿ ಬರೆಯುವ ಬೇರೊಂದು ಸಾಲ್ವರ್‌ನ ಫಲಿತಾಂಶದ ಜೊತೆ ಅದನ್ನು ನೇರವಾಗಿ ಇಟ್ಟರೆ, ನೀರಿನ ವಿಷಯದಲ್ಲಿ ಸುಮಾರು 1000 ಪಟ್ಟು ಅಂತರ ಕಾಣುತ್ತದೆ. ಇದು ಕಣ್ಣಿಗೆ ಬೀಳುವಷ್ಟು ದೊಡ್ಡದಾದ್ದರಿಂದ ಅಪಾಯ ಕಡಿಮೆ. ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 1.2 ಕಿಲೋಗ್ರಾಂ, ಅಲ್ಲಿ ಬರುವ ಶೇಕಡಾ 20ರ ಅಂತರವನ್ನು ಮಾದರಿಯ ಗುಣವೆಂದು ನಂಬಿಬಿಡುವುದು ಬಹಳ ಸುಲಭ. ಅಸಂಕೋಚ್ಯ ಹರಿವಿನಲ್ಲಿ ಒತ್ತಡದ ಸೊನ್ನೆ ಎಲ್ಲಿದೆ ಎಂಬುದೂ ನಮ್ಮ ಆಯ್ಕೆಯೇ ಆಗಿರುತ್ತದೆ, ಏಕೆಂದರೆ ಸಮೀಕರಣದಲ್ಲಿ ಬರುವುದು ಒತ್ತಡದ ಇಳಿಜಾರು ಮಾತ್ರ. ಆದ್ದರಿಂದ ಎರಡೂ ಕಡೆ ಒಂದೇ ಬಿಂದುವಿನ ಒತ್ತಡವನ್ನು ಕಳೆದು ಸಮಮಾಡಿಕೊಂಡ ಮೇಲೆಯೇ ಹೋಲಿಕೆಗೆ ಅರ್ಥ.

ನಿಖರತೆಯ ಮಿತಿಯೂ ಇಲ್ಲೇ ಗೊತ್ತಾಗಬೇಕು. ಕಡತದಲ್ಲಿ ಅಂಕಿಗಳು 32 ಬಿಟ್‌ಗಳಲ್ಲಿ ಉಳಿದಿದ್ದರೆ, 1,01,325 ಪಾಸ್ಕಲ್‌ನ ಆಸುಪಾಸಿನಲ್ಲಿ ಒಂದರ ಪಕ್ಕದ ಇನ್ನೊಂದು ಅಂಕಿ ಸುಮಾರು 0.0078 ಪಾಸ್ಕಲ್ ದೂರದಲ್ಲಿದೆ. ಅದಕ್ಕಿಂತ ಚಿಕ್ಕ ವ್ಯತ್ಯಾಸವನ್ನು ಆ ಕಡತ ಹಿಡಿದಿಟ್ಟುಕೊಳ್ಳಲಾರದು. ಶಬ್ದದ ಅಲೆಗಳಂಥ ಸೂಕ್ಷ್ಮ ಒತ್ತಡದ ಲೆಕ್ಕಗಳಲ್ಲಿ ಇದು ನೇರವಾಗಿ ಅಡ್ಡಬರುತ್ತದೆ. ವ್ಯತ್ಯಾಸದ ಚಿತ್ರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುವ ಮಚ್ಚೆಗಳಿಗೆ ಇದೇ ಮೂಲ. ಅಕ್ಷರರೂಪದ ಕಡತವನ್ನು ಆರು ಅಂಕಿಗಳ ನಿಖರತೆಗೆ ಕತ್ತರಿಸಿ ಬರೆದಿದ್ದರೆ ಪರಿಸ್ಥಿತಿ ಇನ್ನೂ ಕೆಟ್ಟದ್ದು.

ಮೂರನೆಯದಾಗಿ, ಮೌಲ್ಯ ಕೂತಿರುವ ಜಾಗ. ಕೆಲವು ಸಾಲ್ವರ್‌ಗಳು ಮೌಲ್ಯವನ್ನು ಕೋಶದ ನಡುವಿಗೆ ಕೊಡುತ್ತವೆ, ಕೆಲವು ಮೆಶ್‌ನ ಬಿಂದುಗಳಿಗೆ. ಪ್ಯಾರಾವ್ಯೂ ಓಪನ್‌ಫೋಮ್ ಕಡತವನ್ನು ಓದುವಾಗ ಕೋಶದ ಮೌಲ್ಯಗಳ ಜೊತೆಗೆ ಬಿಂದುಗಳಿಗೆ ಸರಾಸರಿ ಮಾಡಿದ ಮೌಲ್ಯಗಳನ್ನೂ ಅದೇ ಹೆಸರಿನಲ್ಲಿ ಕೊಡಬಲ್ಲದು. ಒಂದು ಕಡೆ ಕೋಶದ ಒತ್ತಡ, ಇನ್ನೊಂದು ಕಡೆ ಬಿಂದುವಿನ ಒತ್ತಡ ಆರಿಸಿದರೆ ಗೋಡೆಯ ಪಕ್ಕದ ತೀಕ್ಷ್ಣ ಶಿಖರಗಳು ಒಂದರಲ್ಲಿ ಮೊಂಡಾಗಿರುತ್ತವೆ.

ಅಕ್ಕಪಕ್ಕ ಇಟ್ಟು ನೋಡುವುದು

ಮೆಶ್ ಬೇರೆಯಾಗಿದ್ದರೂ, ಕಾಲದ ಹೆಜ್ಜೆ ಬೇರೆಯಾಗಿದ್ದರೂ, ಆಕಾರವೇ ತುಸು ಬೇರೆಯಾಗಿದ್ದರೂ ಈ ವಿಧಾನ ನಡೆಯುತ್ತದೆ. ‘ಹರಿವಿನ ಸ್ವರೂಪ ಒಂದೇ ಇದೆಯೇ, ಸುಳಿಗಳ ಸಂಖ್ಯೆ ಒಂದೇ ಇದೆಯೇ, ಹರಿವು ಗೋಡೆಯನ್ನು ಬಿಡುವ ಜಾಗ ಬದಲಾಗಿದೆಯೇ’ ಎಂಬಂಥ ಪ್ರಶ್ನೆಗಳಿಗೆ ಇದಕ್ಕಿಂತ ಬೇರೆ ಬೇಕಿಲ್ಲ. ಆದರೆ ಎರಡು ಕ್ಯಾಮೆರಾಗಳನ್ನು ಜೋಡಿಸದೆ, ಎರಡು ಬಣ್ಣದ ವ್ಯಾಪ್ತಿಗಳನ್ನು ಒಂದೇ ಮಾಡದೆ ಅಕ್ಕಪಕ್ಕ ಇಡುವುದಕ್ಕೆ ಬೆಲೆಯಿಲ್ಲ. ಪ್ಯಾರಾವ್ಯೂನಲ್ಲಿ ಒಂದು ನೋಟದ ಮೇಲೆ ಬಲಗುಂಡಿ ಒತ್ತಿ ‘ಲಿಂಕ್ ಕ್ಯಾಮೆರಾ’ ಆರಿಸಿ ಇನ್ನೊಂದು ನೋಟವನ್ನು ಕ್ಲಿಕ್ಕಿಸಿದರೆ ಎರಡೂ ಒಟ್ಟಿಗೆ ತಿರುಗುತ್ತವೆ. ವಿಸಿಟ್‌ನಲ್ಲಿ ಕಿಟಕಿಗಳ ನೋಟವನ್ನೂ ಸಮಯವನ್ನೂ ಲಾಕ್ ಮಾಡುವ ಸೌಲಭ್ಯವಿದೆ.

ಬಣ್ಣದ ವಿಷಯದಲ್ಲಿ ಎರಡು ತಂತ್ರಾಂಶಗಳ ಸ್ವಭಾವ ಬೇರೆ. ಪ್ಯಾರಾವ್ಯೂ ಬಣ್ಣಪಟ್ಟಿಯನ್ನು ಅಂಕಣದ (ಕಡತದಲ್ಲಿ ಒಂದು ಪರಿಮಾಣದ ಮೌಲ್ಯಗಳ ಸಾಲು) ಹೆಸರಿಗೆ ಕಟ್ಟುತ್ತದೆ. ಎರಡೂ ಕಡತಗಳಲ್ಲಿ ಒತ್ತಡದ ಹೆಸರು ಒಂದೇ ಆಗಿದ್ದರೆ ಬಣ್ಣಪಟ್ಟಿಯೂ ತಾನಾಗಿಯೇ ಒಂದೇ ಆಗುತ್ತದೆ. ಒಂದರಲ್ಲಿ ‘ಪಿ’ ಎಂದೂ ಇನ್ನೊಂದರಲ್ಲಿ ‘ಪ್ರೆಶರ್’ ಎಂದೂ ಇದ್ದರೆ ಎರಡಕ್ಕೂ ಬೇರೆ ಬೇರೆ ವ್ಯಾಪ್ತಿ ಸಿಕ್ಕು, ಒಂದೇ ಕೆಂಪು ಎರಡು ಮೌಲ್ಯಗಳನ್ನು ಸೂಚಿಸುತ್ತದೆ. ವಿಸಿಟ್‌ನಲ್ಲಿ ಪ್ರತಿ ಪ್ಲಾಟ್‌ಗೂ ಅದರದೇ ವ್ಯಾಪ್ತಿ ಇರುವುದರಿಂದ ಕನಿಷ್ಠ, ಗರಿಷ್ಠಗಳನ್ನು ಕೈಯಾರೆ ಬರೆಯಬೇಕು. ಕಾಮನಬಿಲ್ಲಿನ ಬಣ್ಣಪಟ್ಟಿಯನ್ನು ಹೋಲಿಕೆಗೆ ಬಳಸಲೇಬೇಡಿ. ಹಳದಿಯ ಬಳಿ ಇಲ್ಲದ ಗಡಿಯನ್ನು ಅದು ಹುಟ್ಟಿಸುತ್ತದೆ, ಹಸಿರಿನೊಳಗೆ ಇರುವ ಏರಿಳಿತವನ್ನು ನುಂಗಿಹಾಕುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್ ತನ್ನ 2.0 ಆವೃತ್ತಿಯಲ್ಲಿ, ಅಂದರೆ 2017ರಲ್ಲಿ, ಆ ಬಗೆಯ ಬಣ್ಣಪಟ್ಟಿಯನ್ನು ಕೈಬಿಟ್ಟು ವಿರಿಡಿಸ್ ಅನ್ನು ಮೊದಲ ಆಯ್ಕೆಯಾಗಿಸಿತು.

ಅಕ್ಕಪಕ್ಕದ ದೊಡ್ಡ ದೌರ್ಬಲ್ಯವೆಂದರೆ ನೋಡುವವರ ನೆನಪು. ಕಣ್ಣು ಎಡದಿಂದ ಬಲಕ್ಕೆ ಹೋಗುವಷ್ಟರಲ್ಲಿ ಎಡದ ಚಿತ್ರದ ಸೂಕ್ಷ್ಮ ವಿವರ ಮನಸ್ಸಿನಿಂದ ಜಾರಿರುತ್ತದೆ. ಇದಕ್ಕೆ ಹಳೆಯದೊಂದು ಮದ್ದಿದೆ: ಎರಡನ್ನೂ ಒಂದೇ ಕಿಟಕಿಯಲ್ಲಿ ತೆರೆದು, ಒಂದನ್ನು ಮರೆಮಾಡಿ ಇನ್ನೊಂದನ್ನು ತೋರಿಸುತ್ತ, ಕಣ್ಣು ಮಿಟುಕಿಸಿದ ಹಾಗೆ ಅದಲು ಬದಲು ಮಾಡುವುದು. 1930ರಲ್ಲಿ ಕ್ಲೈಡ್ ಟಾಂಬಾ ಪ್ಲೂಟೊವನ್ನು ಪತ್ತೆ ಹಚ್ಚಿದ್ದು ಇದೇ ಉಪಾಯದಿಂದ. ಆರು ದಿನಗಳ ಅಂತರದಲ್ಲಿ ತೆಗೆದ ಆಕಾಶದ ಎರಡು ಫಲಕಗಳನ್ನು ಯಂತ್ರವೊಂದು ಸರದಿಯಂತೆ ತೋರಿಸಿದಾಗ, ಸಾವಿರಾರು ಚುಕ್ಕೆಗಳ ನಡುವೆ ಒಂದು ಮಾತ್ರ ಜಾಗ ಬದಲಿಸಿತ್ತು. ಪೈಪ್‌ಲೈನ್ ಪಟ್ಟಿಯಲ್ಲಿರುವ ಕಣ್ಣಿನ ಚಿಹ್ನೆಯನ್ನು ಒತ್ತುವುದರಲ್ಲಿ ಮುಗಿಯುವ ಈ ಕೆಲಸ ಎಷ್ಟೋ ಸಲ ಗಂಟೆಗಟ್ಟಲೆಯ ಲೆಕ್ಕಾಚಾರವನ್ನು ಉಳಿಸುತ್ತದೆ. ಇದನ್ನು ವರದಿಯಲ್ಲಿ ಅಚ್ಚು ಹಾಕಲು ಬರುವುದಿಲ್ಲ ಎಂಬುದೊಂದೇ ಕೊರತೆ.

ಒಂದರ ಮೇಲೊಂದು

ಬಣ್ಣ ತುಂಬಿದ ಎರಡು ಕ್ಷೇತ್ರಗಳನ್ನು ಪಾರದರ್ಶಕವಾಗಿಸಿ ಮೇಲೆ ಮೇಲೆ ಹಾಕಿದರೆ ಸಿಗುವುದು ಕಲಸುಮೇಲೋಗರ ಮಾತ್ರ. ಈ ವಿಧಾನ ಗೆರೆಗಳಿಗೆ ಮತ್ತು ಮೇಲ್ಮೈಗಳಿಗೆ ಮೀಸಲು. ಒಂದೇ ಉಷ್ಣತೆಯ ಸಮಮೌಲ್ಯ ರೇಖೆಯನ್ನು ಎರಡೂ ಫಲಿತಾಂಶಗಳಿಂದ ತೆಗೆದು, ಒಂದನ್ನು ಕಪ್ಪು ಗೆರೆಯಾಗಿ, ಇನ್ನೊಂದನ್ನು ಕೆಂಪು ಗೆರೆಯಾಗಿ ಒಂದೇ ಸೀಳಿನ (ಹರಿವನ್ನು ಅಡ್ಡ ಕತ್ತರಿಸಿದ ಸಮತಲ) ಮೇಲೆ ಎಳೆದರೆ, ಜ್ವಾಲೆಯ ಮುಂಚೂಣಿ ಅಥವಾ ಆಘಾತ ತರಂಗ ಎಷ್ಟು ದೂರ ಸರಿದಿದೆ ಎಂಬುದನ್ನು ಅಳತೆಗೋಲು ಇಟ್ಟಂತೆ ಓದಬಹುದು. ಮೆಶ್ ಒಂದೇ ಆಗಿರಬೇಕೆಂಬ ನಿರ್ಬಂಧವೂ ಇಲ್ಲ, ಮೌಲ್ಯಗಳನ್ನು ಒಂದು ಮೆಶ್‌ನಿಂದ ಇನ್ನೊಂದಕ್ಕೆ ಸಾಗಿಸುವ ಗೋಜೂ ಇಲ್ಲ. ‘ಎಷ್ಟು’ ಎನ್ನುವುದಕ್ಕಿಂತ ‘ಎಲ್ಲಿ’ ಎನ್ನುವುದು ನಮ್ಮ ಪ್ರಶ್ನೆಯಾಗಿದ್ದರೆ ಇದೇ ಸರಿಯಾದ ಆಯ್ಕೆ; ಇದು ಸಿಗಬೇಕಾದಷ್ಟು ಮನ್ನಣೆ ಸಿಗದ ವಿಧಾನ ಕೂಡ. ಎರಡೂ ಮೇಲ್ಮೈಗಳು ಬಹುತೇಕ ಒಂದೇ ಜಾಗದಲ್ಲಿದ್ದಾಗ ಮಾತ್ರ ಪರದೆಯಲ್ಲಿ ಕಪ್ಪು ಕೆಂಪು ಮಚ್ಚೆಗಳು ಮಿನುಗುತ್ತವೆ. ಆಗ ಮೇಲ್ಮೈ ಬಿಟ್ಟು ಸೀಳಿನ ಮೇಲಿನ ಗೆರೆಗೆ ಇಳಿಯುವುದು ಮೇಲು.

ವ್ಯತ್ಯಾಸದ ಕ್ಷೇತ್ರ

ಎರಡೂ ಲೆಕ್ಕಗಳ ಮೆಶ್ ಒಂದೇ ಆಗಿದ್ದು, ಬಿಂದುಗಳ ಕ್ರಮಸಂಖ್ಯೆಯೂ ಒಂದೇ ಆಗಿದ್ದರೆ ಕೆಲಸ ಸರಳ. ಪ್ಯಾರಾವ್ಯೂನಲ್ಲಿ ಎರಡೂ ಮೂಲಗಳನ್ನು ಆರಿಸಿಕೊಂಡು ‘ಪೈಥಾನ್ ಕ್ಯಾಲ್ಕ್ಯುಲೇಟರ್’ ಹಾಕಿದರೆ, ಮೊದಲ ಇನ್‌ಪುಟ್‌ನ ಅಂಕಣದಿಂದ ಎರಡನೆಯದರ ಅಂಕಣವನ್ನು ಒಂದೇ ಸಾಲಿನಲ್ಲಿ ಕಳೆಯಬಹುದು. ‘ಅಪೆಂಡ್ ಆಟ್ರಿಬ್ಯೂಟ್ಸ್’ ಬಳಸುವವರು ಒಂದು ಸಂಗತಿಯನ್ನು ನೆನಪಿಡಬೇಕು: ಒಂದೇ ಹೆಸರಿನ ಎರಡು ಅಂಕಣಗಳು ಬಂದರೆ ಅದು ಒಂದನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಆದ್ದರಿಂದ ಎರಡನೆಯದಕ್ಕೆ ಕ್ಯಾಲ್ಕ್ಯುಲೇಟರ್ ಮೂಲಕ ಮೊದಲೇ ಬೇರೆ ಹೆಸರು ಕೊಟ್ಟಿರಬೇಕು. ಸಮಾಂತರ ಗಣಕದಲ್ಲಿ ಓಡಿದ ಲೆಕ್ಕಗಳನ್ನು ಬೇರೆ ಬೇರೆ ಸಂಖ್ಯೆಯ ತುಂಡುಗಳಾಗಿ ಒಡೆದಿದ್ದರೆ ಮೆಶ್ ಅದೇ ಆಗಿದ್ದರೂ ಕ್ರಮಸಂಖ್ಯೆ ಅದಲು ಬದಲಾಗಿರುತ್ತದೆ. ಬಿಂದುಗಳ ಒಟ್ಟು ಸಂಖ್ಯೆ ತಾಳೆಯಾಗುವುದರಿಂದ ತಂತ್ರಾಂಶ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಒತ್ತಡವನ್ನು ಕಳೆಯುವ ಮೊದಲು ಬಿಂದುಗಳ ನಿರ್ದೇಶಾಂಕಗಳನ್ನೇ ಒಮ್ಮೆ ಕಳೆದು ನೋಡುವುದು ಒಂದು ನಿಮಿಷದ ಕೆಲಸ.

ಮೆಶ್ ಬೇರೆಯಾದಾಗ ಒಂದರ ಮೌಲ್ಯಗಳನ್ನು ಇನ್ನೊಂದರ ಬಿಂದುಗಳಿಗೆ ಸಾಗಿಸಬೇಕಾಗುತ್ತದೆ. ಪ್ಯಾರಾವ್ಯೂನ ‘ರಿಸ್ಯಾಂಪಲ್ ವಿತ್ ಡೇಟಾಸೆಟ್’ ಫಿಲ್ಟರ್ ಮಾಡುವುದು ಇದನ್ನೇ. ಇಲ್ಲಿ ಮೂರು ಕಡೆ ಎಡವುವುದಿದೆ.

ಮೊದಲನೆಯದು ಅಂಚು. ಬಾಗಿದ ಗೋಡೆಯನ್ನು ಎರಡು ಮೆಶ್‌ಗಳು ಬೇರೆ ಬೇರೆ ಚಪ್ಪಟೆ ತುಂಡುಗಳಿಂದ ಕಟ್ಟಿರುತ್ತವೆ. ಒಂದರ ಗೋಡೆಯ ಬಿಂದು ಇನ್ನೊಂದರ ಹೊರಗೆ ಬಿದ್ದರೆ ಆ ಬಿಂದುವಿಗೆ ಫಿಲ್ಟರ್ ಸೊನ್ನೆಯನ್ನು ತುಂಬಿ, ಅದು ಸಿಂಧುವಲ್ಲ ಎಂಬುದನ್ನು ಬೇರೆಯೇ ಒಂದು ಅಂಕಣದಲ್ಲಿ ಗುರುತು ಹಾಕುತ್ತದೆ. ಆ ಗುರುತನ್ನು ನೋಡದೆ ಕಳೆದರೆ ಗೋಡೆಯುದ್ದಕ್ಕೂ ಭಾರಿ ವ್ಯತ್ಯಾಸವಿರುವಂತೆ ಕಾಣುತ್ತದೆ, ಗರಿಷ್ಠ ದೋಷದ ಅಂಕಿ ಪೂರ್ತಿ ಹಾಳಾಗುತ್ತದೆ. ಸಿಂಧುತ್ವದ ಅಂಕಣಕ್ಕೆ ‘ಥ್ರೆಶೋಲ್ಡ್’ ಫಿಲ್ಟರ್ ಹಾಕಿ ಅಂಥ ಬಿಂದುಗಳನ್ನು ಬಿಟ್ಟೇ ಮುಂದುವರಿಯಬೇಕು.

ಎರಡನೆಯದು ದಿಕ್ಕು. ಒರಟು ಮೆಶ್‌ನಿಂದ ಸೂಕ್ಷ್ಮ ಮೆಶ್‌ಗೆ ಸಾಗಿಸಿದಾಗ ಹೊಸ ಮಾಹಿತಿಯೇನೂ ಹುಟ್ಟುವುದಿಲ್ಲ, ನಡುವಿನ ಮೌಲ್ಯಗಳನ್ನು ಊಹಿಸಿದ ದೋಷ ಮಾತ್ರ ಸೇರುತ್ತದೆ. ವ್ಯತ್ಯಾಸದ ಚಿತ್ರದಲ್ಲಿ ಒರಟು ಮೆಶ್‌ನ ಚೌಕಗಳೇ ಅಚ್ಚೊತ್ತಿದಂತೆ ಕಂಡರೆ ಅದು ಈ ದೋಷದ ಮುದ್ರೆ. ಸೂಕ್ಷ್ಮದಿಂದ ಒರಟಿಗೆ ಸಾಗಿಸಿದಾಗ ಸೂಕ್ಷ್ಮ ಮೆಶ್‌ನ ಒಂದೊಂದು ಬಿಂದುವಿನ ಮೌಲ್ಯ ಮಾತ್ರ ಹೆಕ್ಕಿ ಬರುತ್ತದೆ, ಒರಟು ಕೋಶದೊಳಗಿನ ಸರಾಸರಿ ಬರುವುದಿಲ್ಲ. ಎರಡೂ ದಿಕ್ಕುಗಳಲ್ಲಿ ಮಾಡಿ ನೋಡುವುದು ನನ್ನ ರೂಢಿ; ದಿಕ್ಕು ಬದಲಿಸಿದಾಗ ಚಿತ್ರದ ಮುಖ್ಯ ಲಕ್ಷಣವೇ ಬದಲಾದರೆ ನಾವು ನೋಡುತ್ತಿರುವುದು ಸಾಗಾಟದ ದೋಷವನ್ನು. ಇನ್ನೂ ಗಟ್ಟಿಯಾದ ಪರೀಕ್ಷೆಯೊಂದಿದೆ. ಮೊದಲ ಫಲಿತಾಂಶವನ್ನು ಎರಡನೆಯದರ ಮೆಶ್‌ಗೆ ಸಾಗಿಸಿ, ಅಲ್ಲಿಂದ ಮತ್ತೆ ಮೊದಲ ಮೆಶ್‌ಗೆ ತಂದು, ಮೂಲದಿಂದ ಕಳೆಯಿರಿ. ಉಳಿಯುವುದು ಬರೀ ಹೋಗಿ ಬಂದ ದೋಷ. ಅದಕ್ಕಿಂತ ಚಿಕ್ಕದಾದ ಯಾವ ವ್ಯತ್ಯಾಸದ ಬಗ್ಗೆಯೂ ಮಾತನಾಡುವ ಹಕ್ಕು ಆ ಚಿತ್ರಕ್ಕಿಲ್ಲ.

ಮೂರನೆಯದು ಸಂರಕ್ಷಣೆ. ಬಿಂದುವಿನಿಂದ ಬಿಂದುವಿಗೆ ಮೌಲ್ಯ ಸಾಗಿಸುವಾಗ ಒಟ್ಟು ದ್ರವ್ಯರಾಶಿ, ಒಟ್ಟು ಶಾಖ ಹಾಗೆಯೇ ಉಳಿಯಬೇಕೆಂದೇನೂ ಇಲ್ಲ. ಸಾಗಾಟದ ಮೊದಲು ಮತ್ತು ನಂತರ ‘ಇಂಟಿಗ್ರೇಟ್ ವೇರಿಯಬಲ್ಸ್’ ಹಾಕಿ ಎರಡು ಮೊತ್ತಗಳನ್ನು ತಾಳೆ ನೋಡಿದರೆ ಸೋರಿಕೆ ಎಷ್ಟೆಂಬುದು ತಿಳಿಯುತ್ತದೆ. ಹವಾಮಾನ ಮಾದರಿಗಳ ಕ್ಷೇತ್ರದಲ್ಲಿ ಇದನ್ನು ಬಹಳ ಮೊದಲೇ ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಮಳೆಯಂಥ ಪರಿಮಾಣಗಳನ್ನು ಒಂದು ಗ್ರಿಡ್‌ನಿಂದ ಇನ್ನೊಂದಕ್ಕೆ ಸಾಗಿಸುವಾಗ ಕೋಶಗಳ ಅತಿವ್ಯಾಪ್ತಿಯ ಕ್ಷೇತ್ರಫಲವನ್ನು ಲೆಕ್ಕ ಹಾಕಿ ಮೊತ್ತವನ್ನು ಕಾಪಾಡುವ ವಿಧಾನ ಅಲ್ಲಿ ವಾಡಿಕೆಯದು, ‘ಸಿಡಿಒ’ದಂಥ ಉಪಕರಣಗಳಲ್ಲಿ ಅದಕ್ಕೆಂದೇ ಆಜ್ಞೆಗಳಿವೆ. ಮೊತ್ತ ಮುಖ್ಯವಾದ ಕಡೆ ದೃಶ್ಯೀಕರಣ ತಂತ್ರಾಂಶದ ಮಾದರಿ ಹೆಕ್ಕುವ ಫಿಲ್ಟರನ್ನು ನೆಚ್ಚಿಕೊಳ್ಳದೆ ಅಂಥ ಉಪಕರಣದಲ್ಲಿ ಸಾಗಿಸಿ ತಂದು, ಇಲ್ಲಿ ಚಿತ್ರ ಮಾತ್ರ ಬಿಡಿಸುವುದು ಒಳ್ಳೆಯದು.

ವ್ಯತ್ಯಾಸಕ್ಕೆ ಹಚ್ಚುವ ಬಣ್ಣಪಟ್ಟಿ ಸೊನ್ನೆಯಲ್ಲಿ ತಟಸ್ಥವಾಗಿ, ಎರಡೂ ಬದಿಗೆ ಬೇರೆ ಬಣ್ಣಗಳಿಗೆ ಏರುವಂಥದ್ದಾಗಿರಬೇಕು, ವ್ಯಾಪ್ತಿ ಎರಡೂ ಕಡೆ ಸಮನಾಗಿರಬೇಕು. ತಂತ್ರಾಂಶ ತಾನಾಗಿ ಹಿಡಿಯುವ ವ್ಯಾಪ್ತಿ ಋಣ 3ರಿಂದ ಧನ 11ರವರೆಗೆ ಇದ್ದರೆ ತಟಸ್ಥ ಬಣ್ಣ 4ರ ಮೇಲೆ ಕೂರುತ್ತದೆ, ಎರಡೂ ಲೆಕ್ಕಗಳು ಪೂರ್ತಿ ಒಪ್ಪುವ ಜಾಗ ನೀಲಿಯಾಗಿ ಕಾಣುತ್ತದೆ. ಸಾಪೇಕ್ಷ ದೋಷವನ್ನು ಶೇಕಡಾವಾರಾಗಿ ತೋರಿಸುವ ಆಸೆಯಾದಾಗ, ಸ್ಥಳೀಯ ಮೌಲ್ಯದಿಂದ ಭಾಗಿಸಬೇಡಿ. ವೇಗ ಸೊನ್ನೆಯ ಹತ್ತಿರವಿರುವ ಗೋಡೆಯ ಬಳಿ ಯಾವ ಅಂಕಿಯೂ ಆಕಾಶಕ್ಕೆ ಏರುತ್ತದೆ. ಒಳಬರುವ ಹರಿವಿನ ವೇಗದಂಥ ಒಂದೇ ಸ್ಥಿರ ಮೌಲ್ಯದಿಂದ ಭಾಗಿಸಿದರೆ ಚಿತ್ರ ಪ್ರಾಮಾಣಿಕವಾಗಿರುತ್ತದೆ.

ಕಾಲದ ಜೋಡಣೆ

ಕಾಲಕ್ಕೆ ತಕ್ಕಂತೆ ಬದಲಾಗುವ ಹರಿವಿನಲ್ಲಿ ವ್ಯತ್ಯಾಸದ ಕ್ಷೇತ್ರ ಅತಿ ಹೆಚ್ಚು ಮೋಸ ಮಾಡುತ್ತದೆ. ಸಿಲಿಂಡರ್ ಒಂದರ ಹಿಂದೆ ಸರದಿಯಂತೆ ಕಳಚಿಕೊಳ್ಳುವ ಸುಳಿಗಳ ಸಾಲನ್ನು ತೆಗೆದುಕೊಳ್ಳೋಣ. ರೆನಾಲ್ಡ್ಸ್ ಸಂಖ್ಯೆಯ (ಹರಿವಿನ ಜಡತ್ವಕ್ಕೂ ಸ್ನಿಗ್ಧತೆಗೂ ಇರುವ ಅನುಪಾತ) ವಿಶಾಲ ವ್ಯಾಪ್ತಿಯೊಂದರಲ್ಲಿ ಅಲ್ಲಿನ ಸ್ಟ್ರೌಹಾಲ್ ಸಂಖ್ಯೆ (ಸುಳಿಗಳ ಆವರ್ತನವನ್ನು ವ್ಯಾಸದಿಂದ ಗುಣಿಸಿ ವೇಗದಿಂದ ಭಾಗಿಸಿದ್ದು) ಸುಮಾರು 0.2. ವ್ಯಾಸ 0.1 ಮೀಟರ್, ಗಾಳಿಯ ವೇಗ ಸೆಕೆಂಡಿಗೆ 1 ಮೀಟರ್ ಆದರೆ ಸೆಕೆಂಡಿಗೆ ಸುಮಾರು 2 ಆವರ್ತಗಳು. ಒಂದು ಲೆಕ್ಕದಲ್ಲಿ ಇದು 2.00, ಇನ್ನೊಂದರಲ್ಲಿ 2.04 ಎಂದು ಬಂತೆನ್ನಿ. ಅಂತರ ಶೇಕಡಾ 2 ಮಾತ್ರ. ಯಾವ ಎಂಜಿನಿಯರೂ ಇದನ್ನು ಚೆನ್ನಾಗಿ ತಾಳೆಯಾಯಿತೆಂದೇ ಹೇಳುತ್ತಾರೆ. ಆದರೆ ಒಟ್ಟಿಗೆ ಹೊರಟ ಎರಡೂ ಲೆಕ್ಕಗಳು 12.5 ಸೆಕೆಂಡಿನಲ್ಲಿ, ಅಂದರೆ 25 ಆವರ್ತಗಳಾಗುವಷ್ಟರಲ್ಲಿ, ಅರ್ಧ ಆವರ್ತದಷ್ಟು ದೂರ ಸರಿದಿರುತ್ತವೆ. ಒಂದರಲ್ಲಿ ಸುಳಿ ಮೇಲಿರುವಾಗ ಇನ್ನೊಂದರಲ್ಲಿ ಕೆಳಗಿರುತ್ತದೆ, ವ್ಯತ್ಯಾಸದ ಕ್ಷೇತ್ರ ಮೂಲ ಏರಿಳಿತದ ಎರಡು ಪಟ್ಟಾಗುತ್ತದೆ. ಅಷ್ಟು ದೂರ ಹೋಗುವುದೂ ಬೇಡ: ಒಂದೇ ಎತ್ತರದ ಎರಡು ಸೈನ್ ಅಲೆಗಳು ಆವರ್ತದ ಆರನೆಯ ಒಂದು ಭಾಗದಷ್ಟು ಸರಿದಿದ್ದರೆ ಸಾಕು, ಅವುಗಳ ವ್ಯತ್ಯಾಸ ಅಲೆಯಷ್ಟೇ ಎತ್ತರ ಬೆಳೆದಿರುತ್ತದೆ. ಹವಾಮಾನ ಮುನ್ಸೂಚನೆಯವರು ಇದನ್ನು ಇಬ್ಬಗೆಯ ದಂಡನೆ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ; ಮಳೆಯನ್ನು ಸರಿಯಾಗಿಯೇ ಊಹಿಸಿ ಜಾಗವನ್ನು ತುಸು ತಪ್ಪಿಸಿದ ಮಾದರಿಗೆ, ಮಳೆ ಬಂದ ಕಡೆ ಊಹಿಸದ ತಪ್ಪೂ ಬರದ ಕಡೆ ಊಹಿಸಿದ ತಪ್ಪೂ ಎರಡೂ ಬೀಳುತ್ತವೆ, ಮಳೆಯನ್ನೇ ಊಹಿಸದ ಮಾದರಿ ಒಂದೇ ತಪ್ಪಿನಲ್ಲಿ ಪಾರಾಗುತ್ತದೆ.

ಇಂಥ ಹರಿವುಗಳಲ್ಲಿ ಕ್ಷಣದ ಚಿತ್ರಗಳನ್ನು ಕಳೆಯುವ ಬದಲು ಕಾಲದ ಸರಾಸರಿ ಮತ್ತು ಏರಿಳಿತದ ವಿಚಲನೆಯನ್ನು ಲೆಕ್ಕ ಹಾಕಿ ಅವುಗಳನ್ನು ಕಳೆಯಬೇಕು, ಆವರ್ತನವನ್ನು ಪ್ರತ್ಯೇಕವಾಗಿ ಹೋಲಿಸಬೇಕು. ಪ್ಯಾರಾವ್ಯೂನ ‘ಟೆಂಪೊರಲ್ ಸ್ಟಾಟಿಸ್ಟಿಕ್ಸ್’ ಈ ಸರಾಸರಿಯನ್ನು ಕೊಡುತ್ತದೆ, ಆದರೆ ಅದು ಹೆಜ್ಜೆಗಳ ನಡುವಿನ ಅಂತರವನ್ನು ಪರಿಗಣಿಸದೆ ಪ್ರತಿ ಹೆಜ್ಜೆಗೂ ಸಮಾನ ತೂಕ ಕೊಡುತ್ತದೆ. ಕಾಲದ ಹೆಜ್ಜೆಯನ್ನು ತಾನೇ ಹಿಗ್ಗಿಸಿ ಕುಗ್ಗಿಸುವ ಸಾಲ್ವರ್‌ನ ಫಲಿತಾಂಶಗಳನ್ನು ಸಮ ಅಂತರದಲ್ಲಿ ಬರೆಸಿಕೊಂಡಿರದಿದ್ದರೆ ಈ ಸರಾಸರಿ ದಾರಿ ತಪ್ಪಿಸುತ್ತದೆ.

ಎರಡು ಲೆಕ್ಕಗಳು ಬೇರೆ ಬೇರೆ ಕ್ಷಣಗಳಲ್ಲಿ ಕಡತ ಬರೆದಿದ್ದರೆ ವಿಸಿಟ್‌ನ ಡೇಟಾಬೇಸ್ ಹೊಂದಾಣಿಕೆಗಳು ಪ್ರಯೋಜನಕಾರಿ: ಕಡತಗಳ ಕ್ರಮಸಂಖ್ಯೆಯಿಂದ, ಭೌತಿಕ ಸಮಯದಿಂದ ಅಥವಾ ಲೆಕ್ಕದ ಹೆಜ್ಜೆಯ ಸಂಖ್ಯೆಯಿಂದ ಜೋಡಿಸುವ ಆಯ್ಕೆ ಅಲ್ಲಿದೆ. ಪ್ಯಾರಾವ್ಯೂನ ‘ಟೆಂಪೊರಲ್ ಇಂಟರ್‌ಪೊಲೇಟರ್’ ಎರಡು ಹೆಜ್ಜೆಗಳ ನಡುವಿನ ಮೌಲ್ಯವನ್ನು ರೇಖೀಯವಾಗಿ ಊಹಿಸುತ್ತದೆ. ನಿಧಾನವಾಗಿ ಬದಲಾಗುವ ಉಷ್ಣತೆಗೆ ಇದು ಸಾಕು, ಓಡುವ ಆಘಾತ ತರಂಗಕ್ಕೆ ಮಾತ್ರ ಬೇಡ. ಒಂದೇ ತರಂಗ ಅರ್ಧರ್ಧ ಎತ್ತರದ ಎರಡು ತರಂಗಗಳಾಗಿ ಕಾಣಿಸಿಕೊಳ್ಳುತ್ತದೆ.

ಗೆರೆ ಮತ್ತು ಅಂಕಿ

ನೋಡಲು ಸಪ್ಪೆಯಾದರೂ ನಾನು ಮೊದಲು ತೆರೆಯುವುದು ಇವನ್ನೇ. ‘ಪ್ಲಾಟ್ ಓವರ್ ಲೈನ್’ ಮೂಲಕ ಎರಡೂ ಫಲಿತಾಂಶಗಳಿಂದ ಒಂದೇ ಗೆರೆಯ ಮೇಲಿನ ವೇಗವನ್ನು ತೆಗೆದು ಒಂದೇ ನಕ್ಷೆಯಲ್ಲಿ ಹಾಕಿದರೆ, ಬಣ್ಣ ಮುಚ್ಚಿಡುವ ಶೇಕಡಾ 5ರ ಅಂತರ ಗೆರೆಗಳ ನಡುವೆ ನಿಚ್ಚಳವಾಗಿ ಕಾಣುತ್ತದೆ. ಪ್ರಕಟವಾದ ಫಲಿತಾಂಶಗಳ ಜೊತೆ ತಾಳೆ ನೋಡಲು ಇದೇ ಹೆದ್ದಾರಿ: ಮುಚ್ಚಳ ಸರಿಯುವ ಚೌಕದ ಹರಿವಿಗೆ ಘಿಯಾ, ಘಿಯಾ ಮತ್ತು ಶಿನ್ 1982ರಲ್ಲಿ ಪ್ರಕಟಿಸಿದ ಕೋಷ್ಟಕಗಳು ರೆನಾಲ್ಡ್ಸ್ ಸಂಖ್ಯೆ 100ರಿಂದ 10,000ದವರೆಗೆ ನಡುಗೆರೆಗಳ ಮೇಲಿನ ವೇಗವನ್ನು ಕೊಡುತ್ತವೆ, ಹೊಸ ಸಾಲ್ವರ್ ಬರೆಯುವವರು ಇಂದಿಗೂ ಅವನ್ನೇ ಮೊದಲ ಒರೆಗಲ್ಲಾಗಿ ಹಿಡಿಯುತ್ತಾರೆ. ಗೆರೆಯ ಮೇಲೆ ಸಾವಿರ ಮಾದರಿ ಬಿಂದುಗಳಿದ್ದ ಮಾತ್ರಕ್ಕೆ ಮಾಹಿತಿ ಸಾವಿರದಷ್ಟಿಲ್ಲ. ಆ ಗೆರೆ ಹಾದುಹೋಗುವ ಕೋಶಗಳು 40 ಆಗಿದ್ದರೆ ಇರುವುದು 40 ಕೋಶಗಳ ಮಾಹಿತಿಯೇ.

ಒಂದೇ ಅಂಕಿಗೆ ಇಳಿಸುವುದಾದರೆ ಎಳೆತದ ಗುಣಾಂಕ, ಒಟ್ಟು ಶಾಖದ ಹರಿವು, ಒತ್ತಡದ ಇಳಿತ ಇಂಥವನ್ನು ಮೊದಲು ಆರಿಸಿ. ಇಡೀ ಕ್ಷೇತ್ರದ ವ್ಯತ್ಯಾಸವನ್ನು ನಾರ್ಮ್ ಆಗಿ (ಒಟ್ಟು ಗಾತ್ರ ಹೇಳುವ ಒಂದೇ ಅಂಕಿಯಾಗಿ) ಹೇಳುವಾಗ ವರ್ಗಗಳ ಸರಾಸರಿಯ ವರ್ಗಮೂಲ ಮತ್ತು ಗರಿಷ್ಠ ಎರಡನ್ನೂ ಕೊಡಬೇಕು. ಮೊದಲನೆಯದು ಸಣ್ಣ ಜಾಗದ ದೊಡ್ಡ ತಪ್ಪನ್ನು ಮುಚ್ಚುತ್ತದೆ, ಎರಡನೆಯದು ಒಂದೇ ಕೆಟ್ಟ ಕೋಶಕ್ಕೆ ಮಣಿಯುತ್ತದೆ. ಸರಾಸರಿ ತೆಗೆಯುವಾಗ ಕೋಶದ ಗಾತ್ರದ ತೂಕ ಸೇರಿಸದಿದ್ದರೆ, ಗೋಡೆಯ ಬಳಿ ಒತ್ತೊತ್ತಾಗಿ ಕೂತ ಸಾವಿರಾರು ಚಿಕ್ಕ ಕೋಶಗಳೇ ಇಡೀ ಅಂಕಿಯನ್ನು ನಿರ್ಧರಿಸಿಬಿಡುತ್ತವೆ.

ಅಂಕಿಗಳಿಗೆ ಚಿತ್ರಗಳಿಗಿಲ್ಲದ ಇನ್ನೊಂದು ಅನುಕೂಲವಿದೆ, ಅವುಗಳ ಅನಿಶ್ಚಿತತೆಯನ್ನು ಅಳೆಯಬಹುದು. ಮೆಶ್ ಅನ್ನು ಪ್ರತಿ ಸಲ ಎರಡು ಪಟ್ಟು ಸೂಕ್ಷ್ಮವಾಗಿಸುತ್ತ ಹೋದಾಗ ಎಳೆತದ ಗುಣಾಂಕ 1.30, 1.22, 1.20 ಎಂದು ಬಂತೆಂದುಕೊಳ್ಳೋಣ. ಬದಲಾವಣೆಗಳ ಅನುಪಾತ 4, ಅಂದರೆ 2ರ ವರ್ಗ, ಹಾಗಾಗಿ ಲೆಕ್ಕದ ದರ್ಜೆ (ಮೆಶ್ ಸೂಕ್ಷ್ಮವಾದಂತೆ ದೋಷ ಇಳಿಯುವ ಘಾತ) 2. ರಿಚರ್ಡ್‌ಸನ್ ವಿಧಾನದಂತೆ ಅನಂತ ಸೂಕ್ಷ್ಮ ಮೆಶ್‌ನ ಅಂದಾಜು ಸುಮಾರು 1.193. ಪ್ಯಾಟ್ರಿಕ್ ರೋಚ್ 1994ರಲ್ಲಿ ಮುಂದಿಟ್ಟ ಗ್ರಿಡ್ ಒಮ್ಮುಖ ಸೂಚ್ಯಂಕವನ್ನು, ಮೂರು ಮೆಶ್‌ಗಳಿಗೆ ಸೂಚಿಸಿರುವ 1.25ರ ಸುರಕ್ಷತಾ ಗುಣಕದೊಂದಿಗೆ, ಲೆಕ್ಕ ಹಾಕಿದರೆ ಅತಿ ಸೂಕ್ಷ್ಮ ಮೆಶ್‌ನ ಅನಿಶ್ಚಿತತೆ ಸುಮಾರು ಶೇಕಡಾ 0.7. ಈಗ ಬೇರೊಂದು ಪ್ರಕ್ಷುಬ್ಧತೆಯ ಮಾದರಿ 1.205 ಕೊಟ್ಟರೆ, ಅಂತರ ಶೇಕಡಾ 0.4 ಮಾತ್ರ. ‘ಎರಡು ಮಾದರಿಗಳಲ್ಲಿ ಯಾವುದು ಹೆಚ್ಚು’ ಎಂಬ ಪ್ರಶ್ನೆಗೆ ಈ ಮೆಶ್‌ನಿಂದ ಉತ್ತರ ಹೊರಡುವುದಿಲ್ಲ, ವ್ಯತ್ಯಾಸದ ಕ್ಷೇತ್ರವನ್ನು ಎಷ್ಟೇ ಚಂದವಾಗಿ ಬಿಡಿಸಿದರೂ.

ಎರಡಲ್ಲ, ಇಪ್ಪತ್ತಾದರೆ

ನಿಯತಾಂಕಗಳನ್ನು ಬದಲಿಸುತ್ತ ಹತ್ತಾರು ಲೆಕ್ಕ ಓಡಿಸಿದಾಗ ಜೋಡಿ ಜೋಡಿಯಾಗಿ ಹೋಲಿಸುವುದು ನಡೆಯುವ ಮಾತಲ್ಲ. 20 ಲೆಕ್ಕಗಳಿಗೆ 190 ಜೋಡಿಗಳಾಗುತ್ತವೆ. ಎಲ್ಲವನ್ನೂ ಒಂದೇ ಗ್ರಿಡ್‌ಗೆ ತಂದು ಸರಾಸರಿ ಮತ್ತು ವಿಚಲನೆಯ ಚಿತ್ರ ಬಿಡಿಸುವುದು ಸುಲಭದ ದಾರಿ, ಆದರೆ ಸ್ಥಾನ ಬದಲಿಸುವ ಮುಂಚೂಣಿಗಳ ಸರಾಸರಿ ಯಾವ ಲೆಕ್ಕದಲ್ಲೂ ಇಲ್ಲದ ಮಸುಕು ಮುಂಚೂಣಿಯನ್ನು ತೋರಿಸುತ್ತದೆ. ಎಲ್ಲ ಲೆಕ್ಕಗಳ ಒಂದೇ ಸಮಮೌಲ್ಯ ರೇಖೆಯನ್ನು ಒಟ್ಟಿಗೆ ಎಳೆಯುವ ವಿಧಾನ ಹತ್ತು ಹನ್ನೆರಡರವರೆಗೆ ಓದಲು ಬರುತ್ತದೆ, ಆಮೇಲೆ ನೂಲಿನ ಸಿಕ್ಕಾಗುತ್ತದೆ. ಅಲ್ಲಿಂದಾಚೆಗೆ ರೇಖೆಗಳ ಗುಂಪಿನಲ್ಲಿ ನಡುವಿನದು ಯಾವುದು, ಗುಂಪಿನಿಂದ ಹೊರಗುಳಿದದ್ದು ಯಾವುದು ಎಂದು ಅಳೆಯುವ, 2013ರಲ್ಲಿ ಪ್ರಕಟವಾದ ಕಾಂಟೂರ್ ಬಾಕ್ಸ್‌ಪ್ಲಾಟ್ ವಿಧಾನ ಹೆಚ್ಚು ಅರ್ಥಪೂರ್ಣ.

ತಂತ್ರಾಂಶದ ಆಯ್ಕೆ

ಕಿಟ್‌ವೇರ್ ಮತ್ತು ಲಾಸ್ ಅಲಮಾಸ್ ಪ್ರಯೋಗಾಲಯ 2000ದಲ್ಲಿ ಆರಂಭಿಸಿದ ಪ್ಯಾರಾವ್ಯೂ, ಲಾರೆನ್ಸ್ ಲಿವರ್ಮೋರ್ ಪ್ರಯೋಗಾಲಯದಲ್ಲಿ ಹುಟ್ಟಿದ ವಿಸಿಟ್, ಎರಡೂ ಮುಕ್ತ ತಂತ್ರಾಂಶಗಳು, ಎರಡೂ ಒಳಗೆ ವಿಟಿಕೆ ಎಂಬ ದೃಶ್ಯೀಕರಣದ ಕೋಡ್ ಸಂಗ್ರಹವನ್ನು ಬಳಸುತ್ತವೆ. ಹೋಲಿಕೆಯ ವಿಷಯದಲ್ಲಿ ಮಾತ್ರ ಅವುಗಳ ಮನೋಧರ್ಮ ಬೇರೆ. ವಿಸಿಟ್‌ನಲ್ಲಿ ಒಂದು ಕಡತದ ಮೌಲ್ಯವನ್ನು ಇನ್ನೊಂದರ ಮೆಶ್ ಮೇಲೆ ಅಳೆಯುವ ಅಭಿವ್ಯಕ್ತಿಗಳೇ ಇವೆ: ಮೆಶ್ ಒಂದೇ ಆಗಿದ್ದರೆ ಜೋಡಣೆಯನ್ನು ಆಧರಿಸಿದ್ದು, ಬೇರೆಯಾಗಿದ್ದರೆ ಸ್ಥಾನವನ್ನು ಆಧರಿಸಿದ್ದು. ಸಾಗಾಟ, ಕಳೆಯುವಿಕೆ ಎರಡೂ ಒಂದೇ ಸಾಲಿನಲ್ಲಿ ಮುಗಿಯುತ್ತವೆ, ಹೊರಗೆ ಬಿದ್ದ ಬಿಂದುಗಳಿಗೆ ಯಾವ ಮೌಲ್ಯ ತುಂಬಬೇಕೆಂಬುದನ್ನೂ ಅಲ್ಲೇ ಹೇಳಬಹುದು. ಅದೇ ಹೋಲಿಕೆಯನ್ನು ಅನೇಕ ಕಾಲಘಟ್ಟಗಳಿಗೆ ಮಾಡಬೇಕಾದವರಿಗೆ ಇದು ಅಚ್ಚುಕಟ್ಟು. ಪ್ಯಾರಾವ್ಯೂನಲ್ಲಿ ಪ್ರತಿ ಹಂತವೂ ಪೈಪ್‌ಲೈನಿನಲ್ಲಿ ಬೇರೆ ಬೇರೆಯಾಗಿ ನಿಲ್ಲುತ್ತದೆ. ಸಾಗಾಟದ ನಂತರದ ಕ್ಷೇತ್ರವನ್ನು, ಸಿಂಧುತ್ವದ ಗುರುತನ್ನು, ವ್ಯತ್ಯಾಸವನ್ನು ಒಂದೊಂದಾಗಿ ತೆರೆದು ನೋಡಬಹುದು. ಮೇಲೆ ಹೇಳಿದ ಎಡವಟ್ಟುಗಳೆಲ್ಲ ಹಂತಗಳ ನಡುವೆಯೇ ಅಡಗಿರುವುದರಿಂದ, ಮೊದಲ ಸಲದ ಹೋಲಿಕೆಗೆ ನಾನು ಪ್ಯಾರಾವ್ಯೂ ಆರಿಸುತ್ತೇನೆ. ಹಣ ಕೊಟ್ಟು ಕೊಳ್ಳುವ ಟೆಕ್‌ಪ್ಲಾಟ್ 360, ಎನ್‌ಸೈಟ್ ಸಂಸ್ಥೆಯಲ್ಲಿ ಈಗಾಗಲೇ ಇದ್ದರೆ ಬಳಸಬಹುದು. ಎನ್‌ಸೈಟ್‌ನಲ್ಲಿ ಒಂದು ಕೇಸಿನ ಮೌಲ್ಯವನ್ನು ಇನ್ನೊಂದಕ್ಕೆ ಸಾಗಿಸುವ ‘ಕೇಸ್‌ಮ್ಯಾಪ್’ ಇದೆ. ಹೋಲಿಕೆಯೊಂದಕ್ಕಾಗಿಯೇ ಇವನ್ನು ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ.

ಅದೇ ಹೋಲಿಕೆಯನ್ನು ಮೂರನೆಯ ಸಲ ಮಾಡುವ ಹೊತ್ತಿಗೆ ಮೌಸ್ ಬಿಟ್ಟು ಪೈಥಾನ್ ಲಿಪಿಗೆ (ಆಜ್ಞೆಗಳನ್ನು ಬರೆದಿಟ್ಟ ಸ್ಕ್ರಿಪ್ಟ್‌ಗೆ) ಇಳಿಯಬೇಕು. ಪ್ಯಾರಾವ್ಯೂ ನಮ್ಮ ಕ್ಲಿಕ್ಕುಗಳನ್ನೇ ದಾಖಲಿಸಿ ಲಿಪಿಯಾಗಿ ಕೊಡುತ್ತದೆ, ವಿಸಿಟ್‌ಗೂ ಪೈಥಾನ್ ಮುಖವಿದೆ, ವಿಟಿಕೆಯ ಮೇಲೆ ಕಟ್ಟಿದ ಪೈವಿಸ್ಟಾ ಚಿಕ್ಕ ಕೆಲಸಗಳಿಗೆ ಎರಡಕ್ಕಿಂತಲೂ ಹಗುರ. ಲಿಪಿ ಬರೆದ ಮೇಲೆ ಅದಕ್ಕೆ ಕೊಡಬೇಕಾದ ಮೊದಲ ಜೋಡಿ ಎರಡು ಬೇರೆ ಫಲಿತಾಂಶಗಳಲ್ಲ, ಒಂದೇ ಫಲಿತಾಂಶದ ಎರಡು ಪ್ರತಿಗಳು. ವ್ಯತ್ಯಾಸ ಎಲ್ಲೆಡೆ ಸೊನ್ನೆ ಬರಬೇಕು. ಎರಡನೆಯ ಜೋಡಿಯಲ್ಲಿ ಒಂದು ಪ್ರತಿಗೆ ಗೊತ್ತಿರುವ ಸ್ಥಿರ ಮೌಲ್ಯವೊಂದನ್ನು, 5 ಎಂದಿಟ್ಟುಕೊಳ್ಳಿ, ಎಲ್ಲ ಬಿಂದುಗಳಿಗೂ ಕೂಡಿಸಿ ಕೊಡಿ. ಗರಿಷ್ಠ, ಕನಿಷ್ಠ, ತೂಕ ಸೇರಿಸಿದ ಸರಾಸರಿ ಮೂರೂ 5 ಎಂದೇ ಬಂದರೆ, ನಿಜವಾದ ಕಡತಗಳನ್ನು ಅದರ ಕೈಗೆ ಕೊಡಬಹುದು.